ಲಾಂಜೇವಾರನ ಕಾಲು ಹಿಡಿದ ಮಹಾದೇವಮ್ಮ

ಮಹಾದೇವಮ್ಮನ ಕೈಗೆ ಸಿಕ್ಕ ಕಾಲು ಗೆರೆ ದಾಟಿ ಹಿಂದಕ್ಕೆ ಹೋದದ್ದು ಬಹಳ ಕಡಿಮೆ. ನಾಗಪುರದಲ್ಲಿ ಕಬಡ್ಡಿ ಆಡಿದ, ಆಡಿಸಿದ ಯಾರನ್ನು ಕೇಳಿದರೂ ಇಷ್ಟನ್ನು ಒಪ್ಪುತ್ತಾರೆ. ಅವಳನ್ನು ಕಂಡರಾಗದವರೂ ಒಪ್ಪುತ್ತಾರೆ. ಅಂಥವರು ಸ್ವಲ್ಪ ಹೆಚ್ಚೇ ಇದ್ದಾರೆ.

ಹುಟ್ಟಿದ್ದು ಚಾಮರಾಜನಗರದ ಕಡೆ. ಹೈಸ್ಕೂಲಿನ ಪಿ.ಟಿ. ಮೇಷ್ಟರು ಅಂಗಳದಲ್ಲಿ ಸುಣ್ಣದ ಗೆರೆ ಎಳೆದು ಕಲಿಸಿದ ಆಟವೇ ಇಪ್ಪತ್ತನೇ ವಯಸ್ಸಿಗೆ ಅವಳಿಗೆ ಕ್ರೀಡಾ ಕೋಟಾದಲ್ಲಿ ರೈಲ್ವೆಯ ಗುಮಾಸ್ತೆ ಕೆಲಸ ಕೊಡಿಸಿತು. ಹಿಂದಿಯೂ ಬಾರದ, ಮರಾಠಿಯೂ ಬಾರದ ಹುಡುಗಿ ಒಂದು ಟ್ರಂಕು ಹಿಡಿದು ನಾಗಪುರದಲ್ಲಿ ಇಳಿದಾಗ ಮೇ ತಿಂಗಳು. ಅಜನಿಯ ಕ್ವಾರ್ಟರ್ಸಿನಲ್ಲಿ ಮೊದಲ ರಾತ್ರಿ ಕೂಲರಿಲ್ಲದೆ ನೆಲಕ್ಕೆ ನೀರು ಸುರಿದುಕೊಂಡು ಮಲಗಿದಳಂತೆ. ಎರಡು ವರ್ಷದಲ್ಲಿ ಎರಡೂ ಭಾಷೆ ಬಂದವು. ಅಂಬಾಝರಿಯ ಮದ್ದುಗುಂಡಿನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ, ತನ್ನದೇ ಸೀಮೆಯ ದೊಡ್ಡಯ್ಯನನ್ನು ಮದುವೆಯಾದಳು. ಬೆಳಿಗ್ಗೆ ಕಚೇರಿ, ಸಂಜೆ ಮೈದಾನ.

ಅವಳ ಜಾಗ ಬಲಮೂಲೆ. ಕಬಡ್ಡಿ ನೋಡುವವರ ಕಣ್ಣು ದಾಳಿಗೆ ಬರುವವಳ ಮೇಲೆ ಇರುತ್ತದೆ, ಚಪ್ಪಾಳೆಯೂ ಅವಳಿಗೇ. ಮೂಲೆಯಲ್ಲಿ ನಿಂತವಳ ಕೆಲಸ ಕಾಯುವುದು. ಬರಿದೇ ಕಾದರೆ ಸಾಲದು, ಮುಂಗಾಲನ್ನು ಅರ್ಧ ಹೆಜ್ಜೆ ಮುಂದಿಟ್ಟು ದಾಳಿಯವಳಿಗೆ ಆಸೆ ಹುಟ್ಟಿಸಬೇಕು. ಇಷ್ಟು ಹತ್ತಿರ ಇದೆಯಲ್ಲ, ಒಂದು ಬೆರಳು ತಾಗಿಸಿ ಓಡಿಬಿಡೋಣ ಎಂದು ಅವಳು ಕಾಲು ಚಾಚಿದ ಆ ಕ್ಷಣದಲ್ಲಿ ಬಗ್ಗಿ ಹಿಮ್ಮಡಿಯ ಮೇಲಿನ ಗಂಟನ್ನು ಎರಡೂ ಕೈಯಿಂದ ಹಿಡಿಯಬೇಕು. ಹಿಡಿದ ಮೇಲೆ ಎದೆಗೆ ಒದೆ ಬೀಳಲಿ, ಮುಖ ಮಣ್ಣಿಗೆ ಉಜ್ಜಲಿ, ಬಿಡುವಂತಿಲ್ಲ. ಮಹಾದೇವಮ್ಮ ಬಿಡುತ್ತಿರಲಿಲ್ಲ.

ಅವಳಿಗೆ ಇಪ್ಪತ್ತನಾಲ್ಕು ತುಂಬಿದ ವರ್ಷ ದೇಶದ ತಂಡಕ್ಕೆ ಆಯ್ಕೆ ಶಿಬಿರ ನಡೆಯುವುದೆಂದು ಸುದ್ದಿ ಬಂತು. ಶಿಬಿರಕ್ಕೆ ಕಳಿಸುವ ಹುಡುಗಿಯರನ್ನು ಆರಿಸಲು ನಾಗಪುರದಲ್ಲಿ ಪ್ರಯೋಗದ ಪಂದ್ಯ ಏರ್ಪಾಡಾಯಿತು. ವಲಯದ ತಂಡದ ಕೋಚ್ ಆಗಿದ್ದವನು ವಿನಾಯಕ ಲಾಂಜೇವಾರ. ಆಗ ಅವನಿಗೆ ನಲವತ್ತೆರಡು. ಸದಾ ಬಾಯಲ್ಲಿ ಏಲಕ್ಕಿ, ಕುತ್ತಿಗೆಗೆ ಸೀಟಿ, ಮೆತ್ತನೆಯ ಮಾತು. ಹಿಂದಿನ ಸಂಜೆ ಮಹಾದೇವಮ್ಮನನ್ನು ಪಕ್ಕಕ್ಕೆ ಕರೆದು, ನಾಳೆ ತನ್ನ ಅಕ್ಕನ ಮಗಳು ದಾಳಿಗೆ ಬರುತ್ತಾಳೆ, ಆಯ್ಕೆಗಾರರು ಕೂತಿರುತ್ತಾರೆ, ಎರಡು ಸಲ ಬಿಟ್ಟುಬಿಡು ಎಂದು ಮರಾಠಿಯಲ್ಲಿ ಹೇಳಿದ. ನಿನ್ನ ಹೆಸರು ಹೇಗೂ ಇದ್ದೇ ಇರುತ್ತದೆ, ನಿನಗೇನೂ ನಷ್ಟವಿಲ್ಲ ಎಂದೂ ಸೇರಿಸಿದ. ಅವಳು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ.

ಮಾರನೇ ದಿನ ಆ ಹುಡುಗಿ ಐದು ಸಲ ಬಲಮೂಲೆಗೆ ಬಂದಳು. ನಾಲ್ಕು ಸಲ ಸಿಕ್ಕಿಬಿದ್ದಳು. ನಾಲ್ಕನೆಯದರಲ್ಲಿ ಮಣ್ಣಿನ ಮೇಲೆ ಕೂತು ಅತ್ತಳು. ಪಂದ್ಯ ಮುಗಿದಾಗ ಲಾಂಜೇವಾರ ಮಹಾದೇವಮ್ಮನ ಬೆನ್ನು ತಟ್ಟಿ ಶಾಬಾಸ್ ಎಂದ.

ಹದಿನೈದು ದಿನದ ಮೇಲೆ ಪಟ್ಟಿ ಬಂತು. ಮಹಾದೇವಮ್ಮನ ಹೆಸರಿರಲಿಲ್ಲ. ತನ್ನ ಆಟವೇ ಸಾಲದು ಎಂದುಕೊಂಡಳು. ಹಾಗೆ ಅಂದುಕೊಂಡು ಎಂಟು ತಿಂಗಳು ಬೆಳಿಗ್ಗೆಯೂ ಸಂಜೆಯೂ ಮೈ ಮುರಿದಳು. ಆಮೇಲೆ ಸಿಕಂದರಾಬಾದಿನಲ್ಲಿ ಒಂದು ಪಂದ್ಯಾವಳಿ. ಅಲ್ಲಿ ಅವಳು ಒಂದೇ ಆಟದಲ್ಲಿ ಆರು ಕಾಲು ಹಿಡಿದು ಹೊರಗೆ ಬಂದು ನೀರು ಕುಡಿಯುತ್ತಿದ್ದಾಗ, ಆಯ್ಕೆ ಸಮಿತಿಯಲ್ಲಿದ್ದ ದೇಚಮ್ಮ ಎನ್ನುವ ಕೊಡಗಿನ ಹಿರಿಯ ಆಟಗಾರ್ತಿ ಹತ್ತಿರ ಬಂದರು.

"ನಿಮ್ಮ ಮೊಣಕಾಲು ಇಷ್ಟು ಬೇಗ ವಾಸಿಯಾಯ್ತಾ?" ಎಂದರು.

ಮಹಾದೇವಮ್ಮನಿಗೆ ಅರ್ಥವಾಗಲಿಲ್ಲ. ಬಲ ಮೊಣಕಾಲಿನ ಒಳಗಿನ ನರ ಹರಿದಿದೆ, ಇನ್ನು ಆಡಿಸುವ ಹಾಗಿಲ್ಲ ಎಂದು ನಿಮ್ಮ ಕೋಚ್ ಬರೆದು ಕಳಿಸಿದ್ದರಲ್ಲ, ಅದಕ್ಕೇ ಹೆಸರು ತೆಗೆದೆವು ಎಂದು ದೇಚಮ್ಮ ಹೇಳಿದರು. ಹೇಳುತ್ತ ಹೇಳುತ್ತ ಅವರ ಮುಖವೂ ಬಿಳಿಚಿಕೊಂಡಿತು. ಆ ಕಾಗದವನ್ನು ಹುಡುಕಿಸುತ್ತೇನೆ ಎಂದರು. ಹುಡುಕಿಸಿದರು ಕೂಡ. ಕಾಗದ ಸಿಗಲಿಲ್ಲ. ಮುಂದಿನ ಶಿಬಿರದ ಹೊತ್ತಿಗೆ ಮಹಾದೇವಮ್ಮ ಆರು ತಿಂಗಳ ಬಸುರಿ. ಅದರ ಮುಂದಿನದಕ್ಕೆ ವಯಸ್ಸಾಯಿತು ಎಂದು ಕರೆಯಲೇ ಇಲ್ಲ.

ಜೊತೆಯ ಗುಮಾಸ್ತೆಯರು ಬುದ್ಧಿ ಹೇಳಿದರು. ಲಾಂಜೇವಾರನ ಕೈ ಉದ್ದವಾಗಿದೆ, ಹೋಗಿ ಕಾಲು ಹಿಡಿ, ಯಾವುದಾದರೂ ತಂಡದಲ್ಲಿ ಸೇರಿಸುತ್ತಾನೆ ಎಂದರು. ಕಾಲು ಹಿಡಿಯುವುದು ಎಂಬ ಮಾತು ಅವಳ ತಲೆಯಲ್ಲಿ ಬೇರೆಯೇ ಅರ್ಥದಲ್ಲಿ ಕೂತಿತು. ಹಿಡಿಯುತ್ತೇನೆ ಎಂದುಕೊಂಡಳು. ಯಾರಿಗೂ ಹೇಳಲಿಲ್ಲ, ದೊಡ್ಡಯ್ಯನೊಬ್ಬನಿಗೆ ಬಿಟ್ಟು.

ಮಗಳಿಗೆ ಎರಡು ವರ್ಷವಾದಾಗ ಪಟಿಯಾಲಕ್ಕೆ ಹೋಗಿ ಕೋಚಿಂಗಿನ ಸರ್ಟಿಫಿಕೇಟು ತಂದಳು. ಎಲ್ಲ ಕೋಚುಗಳೂ ದಾಳಿಯನ್ನೂ ಕಲಿಸುತ್ತಾರೆ, ಹಿಡಿತವನ್ನೂ ಕಲಿಸುತ್ತಾರೆ. ಮಹಾದೇವಮ್ಮ ಹಿಡಿತವನ್ನು ಮಾತ್ರ ಕಲಿಸುತ್ತೇನೆ ಎಂದಳು. ಅದಕ್ಕೆ ಕಾರಣವಿತ್ತು. ಲಾಂಜೇವಾರ ಅಷ್ಟರಲ್ಲಿ ವರ್ಧಾ ರಸ್ತೆಯಲ್ಲಿ ತನ್ನದೇ ಅಕಾಡೆಮಿ ತೆರೆದಿದ್ದ. ಅವನ ಹೆಗ್ಗಳಿಕೆಯೆಲ್ಲ ದಾಳಿಯ ಹುಡುಗಿಯರನ್ನು ತಯಾರು ಮಾಡುವುದರಲ್ಲಿ. ಪತ್ರಿಕೆಯಲ್ಲಿ ಫೋಟೋ ಬರುವುದು ಆ ಹುಡುಗಿಯರದು, ಪಕ್ಕದಲ್ಲಿ ಕೈಕಟ್ಟಿ ನಿಂತ ಇವನದು.

ಹದಿನೈದು ವರ್ಷ ಮಹಾದೇವಮ್ಮ ಅವನ ದಾಳಿಗಾರ್ತಿಯರನ್ನು ಬೇಟೆಯಾಡಿದಳು. ಕಾಲೇಜು ತಂಡ, ಬ್ಯಾಂಕಿನ ತಂಡ, ಪೇಟೆಯ ಮಂಡಳಿಯ ತಂಡ, ಯಾರು ಕರೆದರೂ ಅವಳು ಕೇಳುತ್ತಿದ್ದುದು ಒಂದೇ ಪ್ರಶ್ನೆ. ಎದುರಿಗೆ ಲಾಂಜೇವಾರನ ತಂಡ ಬರುತ್ತದೆಯೇ? ಬರುತ್ತದೆ ಎಂದರೆ ಬಿಟ್ಟಿ ಕಲಿಸಲೂ ಸಿದ್ಧ. ರಜೆಯ ದಿನ ಅಕಾಡೆಮಿಯ ಹಿಂದಿನ ಗೋಡೆಗೆ ಸ್ಕೂಟಿ ಆನಿಸಿ, ಸೀಟಿನ ಮೇಲೆ ಹತ್ತಿ ನಿಂತು, ಸೆರಗಿನಿಂದ ತಲೆ ಮುಚ್ಚಿಕೊಂಡು ಗಂಟೆಗಟ್ಟಲೆ ಅವನ ಹುಡುಗಿಯರ ಅಭ್ಯಾಸ ನೋಡುತ್ತಿದ್ದಳು. ಯಾರು ತಿರುಗುವ ಮೊದಲು ಭುಜ ಇಳಿಸುತ್ತಾಳೆ, ಯಾರಿಗೆ ಉಸಿರು ಇಪ್ಪತ್ತನೇ ಸೆಕೆಂಡಿಗೆ ಸೋಲುತ್ತದೆ, ಯಾರು ಹೆದರಿದಾಗ ಎಡಕ್ಕೇ ಓಡುತ್ತಾಳೆ, ಎಲ್ಲ ಅವಳ ನಾಲಗೆಯ ತುದಿಯಲ್ಲಿ. ಒಂದು ವಿಶ್ವವಿದ್ಯಾಲಯದ ಫೈನಲ್ಲಿನಲ್ಲಿ, ಹಿಂದಿನ ದಿನ ಹದಿನಾಲ್ಕು ಅಂಕ ತಂದ ಅವನ ಹುಡುಗಿಯನ್ನು ಮಹಾದೇವಮ್ಮನ ಕಾಲೇಜು ಹುಡುಗಿಯರು ಒಂದೇ ಒಂದು ಅಂಕಕ್ಕೂ ಬಿಡಲಿಲ್ಲ. ಆ ಹುಡುಗಿ ಆಮೇಲೆ ಆಟವನ್ನೇ ಬಿಟ್ಟಳು ಎಂದು ಕೇಳಿದಾಗ ಮಹಾದೇವಮ್ಮ ಬಿಡಲಿ ಎಂದಳು. ತನ್ನ ಮಾತಿಗೆ ತಾನೇ ಸ್ವಲ್ಪ ಬೆಚ್ಚಿದಳು ಕೂಡ, ಆದರೆ ವಾಪಸು ತೆಗೆದುಕೊಳ್ಳಲಿಲ್ಲ.

ಅವಳ ಹೊಟ್ಟೆ ಉರಿಸುತ್ತಿದ್ದ ಸಂಗತಿ ಬೇರೆ ಇತ್ತು. ಸೋತಾಗಲೆಲ್ಲ ಲಾಂಜೇವಾರ ತಾನೇ ನಡೆದು ಬಂದು ಕೈಕುಲುಕುತ್ತಿದ್ದ. ಚೆನ್ನಾಗಿ ಕಟ್ಟಿದ್ದೀಯ ಹಿಡಿತವನ್ನು, ನನ್ನ ಜೊತೆ ಕೆಲಸ ಮಾಡಬಾರದೇ ಎನ್ನುತ್ತಿದ್ದ. ಆ ಮೆಚ್ಚುಗೆಯಲ್ಲಿ ಕಪಟವಿರಲಿಲ್ಲ. ಅದನ್ನೇ ಅವಳಿಂದ ತಡೆಯಲಾಗುತ್ತಿರಲಿಲ್ಲ.

ಮೂರು ವರ್ಷದ ಹಿಂದೆ ಹೆಣ್ಣುಮಕ್ಕಳಿಗಾಗಿ ಹೊಸ ವೃತ್ತಿಪರ ಲೀಗ್ ಶುರುವಾಯಿತು. ನಾಗಪುರದ ಒಬ್ಬ ಸಾರಿಗೆ ಉದ್ಯಮಿ ವಾಘಿಣಿ, ಅಂದರೆ ಹೆಣ್ಣುಹುಲಿ, ಎಂಬ ಹೆಸರಿನ ತಂಡ ಕಟ್ಟಿದ. ಮುಖ್ಯ ಕೋಚ್ ಲಾಂಜೇವಾರ. ಹಿಡಿತದ ಕೋಚ್ ಬೇಕು ಎಂದಾಗ ಅವನು ಒಂದೇ ಹೆಸರು ಹೇಳಿದನಂತೆ. ಧರಮಪೇಠದ ಕಚೇರಿಗೆ ಮಹಾದೇವಮ್ಮನನ್ನು ಕರೆಸಿದರು. ಲಾಂಜೇವಾರ ಎದ್ದು ಬಂದು ಕುರ್ಚಿ ಎಳೆದು ಕೊಟ್ಟ. ತಲೆಗೆ ಬಣ್ಣ ಹಚ್ಚಿದ್ದ, ಬಾಯಲ್ಲಿ ಅದೇ ಏಲಕ್ಕಿ. ಚಹಾ ತರಿಸಿ, ಮನೆಯವರ ಕ್ಷೇಮ ವಿಚಾರಿಸಿ, ನಿಜವಾದ ಕಾಳಜಿಯಿಂದಲೇ ಕೇಳಿದ.

"ಮಹಾದೇವಿ, ನಿನ್ನ ಆ ಮೊಣಕಾಲು ಈಗ ಹೇಗಿದೆ? ಪಾಪ, ಅದೊಂದು ಕೈಕೊಡದೇ ಇದ್ದಿದ್ದರೆ ನೀನು ದೇಶಕ್ಕೆ ಆಡುವವಳು."

ಅವಳು ಚಹಾದ ಲೋಟವನ್ನು ಮೇಜಿನ ಮೇಲಿಟ್ಟಳು. ಅವನ ಮುಖವನ್ನು ಸರಿಯಾಗಿ ನೋಡಿದಳು. ಅಣಕವಿರಲಿಲ್ಲ. ತಾನು ಬರೆದ ಸುಳ್ಳನ್ನು ಅವನು ಇಷ್ಟು ವರ್ಷದಲ್ಲಿ ನಂಬಿಬಿಟ್ಟಿದ್ದ. ಇವಳು ಹತ್ತೊಂಬತ್ತು ವರ್ಷ ಹೊತ್ತು ತಿರುಗಿದ್ದು ಅವನ ಲೆಕ್ಕದಲ್ಲಿ ನಡೆದೇ ಇರಲಿಲ್ಲ. ಪರವಾಗಿಲ್ಲ ಸರ್ ಎಂದು ಹೇಳಿ ಕರಾರಿಗೆ ಸಹಿ ಹಾಕಿದಳು.

ಆ ಸಂಜೆ ದೊಡ್ಡಯ್ಯನಿಗೆ ಎಲ್ಲ ಹೇಳಿದಳು.

"ಬುಟ್ಬುಡು ಕಣಮ್ಮಿ," ಎಂದ. "ಆವಯ್ಯ ಮರ್ತೇ ಹೋಗವ್ನೆ. ಮರ್ತೋನ ಮ್ಯಾಲೆ ಎಂಥ ಹಗೆ."

"ಅದ್ಕೇ ಹೋಯ್ತಾ ಇರದು," ಎಂದಳು ಮಹಾದೇವಮ್ಮ. "ಗ್ಯಾಪಕ ಮಾಡ್ಸಕ್ಕೆ."

ಮೊದಲ ವರ್ಷ ಅವಳು ಏನೂ ಮಾಡಲಿಲ್ಲ, ಹಿಡಿತ ಕಟ್ಟಿದಳು. ಎಡಮೂಲೆಗೆ ಅವಳಿಗೆ ಸಿಕ್ಕವಳು ಲಾಸ್ಯ. ಕಲಬುರಗಿ ಮೂಲದ ರೈಲು ಚಾಲಕನ ಮಗಳು, ಹುಟ್ಟಿ ಬೆಳೆದದ್ದು ಅಜನಿಯಲ್ಲೇ. ಕನ್ನಡ ಓದಲು ಬಾರದು, ಮಾತು ಮಾತ್ರ ಮನೆಯದು, ನಡುನಡುವೆ ಮರಾಠಿ. ಇಪ್ಪತ್ತೆರಡರ ಹುಡುಗಿ, ಉದ್ದ ಕೈ, ಅಪಾರ ತಾಳ್ಮೆ. ಮಹಾದೇವಮ್ಮ ತನ್ನ ಹಿಡಿತವನ್ನು ಅವಳ ಕೈಗೆ ಇಳಿಸಿದಳು. ಮುಂಗಾಲು ಎಷ್ಟು ಮುಂದಿರಬೇಕು, ಕಣ್ಣು ಎಲ್ಲಿರಬೇಕು, ಬೆರಳು ಹೇಗೆ ಬೆಸೆಯಬೇಕು ಎಂದು ಬೆಳಗಿನ ಐದೂವರೆಯಿಂದ ಎಂಟರವರೆಗೆ ಚಾಪೆಯ ಮೇಲೆ ಮಂಡಿಯೂರಿ ಕಲಿಸಿದಳು. ಅಭ್ಯಾಸ ಮುಗಿದ ಮೇಲೆ ಇಬ್ಬರೂ ತಿಂಡಿ ಗಾಡಿಯ ಹತ್ತಿರ ನಿಂತು ತರ್ರಿ ಪೋಹೆ, ಖಾರದ ರಸ ಸುರಿದ ಅವಲಕ್ಕಿ, ತಿನ್ನುತ್ತಿದ್ದರು. ಲಾಸ್ಯ ತನ್ನ ತಟ್ಟೆಯ ಖಾರದ ರಸವನ್ನೆಲ್ಲ ಇವಳ ತಟ್ಟೆಗೆ ಸುರಿಯುತ್ತಿದ್ದಳು. ಆ ವರ್ಷ ವಾಘಿಣಿ ಸೆಮಿಫೈನಲ್ ತಲುಪಿತು, ಬರೀ ಹಿಡಿತದ ಬಲದಿಂದ.

ಎರಡನೇ ವರ್ಷದ ನಡುವಿನಲ್ಲಿ ದೇಶದ ಶಿಬಿರಕ್ಕೆ ಹೆಸರು ಕಳಿಸುವ ಸಮಯ ಬಂತು. ತಂಡಕ್ಕೊಬ್ಬ ಮೂಲೆಯವಳು. ಲಾಸ್ಯಳ ಹೆಸರು ಹೋಗಿಯೂ ಆಗಿತ್ತು. ಒಂದು ಬುಧವಾರ ಅಭ್ಯಾಸ ಮುಗಿದಾಗ ಲಾಂಜೇವಾರ ಮಹಾದೇವಮ್ಮನ ಪಕ್ಕ ಬಂದು ನಿಂತು, ಲಾಸ್ಯ ಎಡಗಾಲನ್ನು ಸ್ವಲ್ಪ ಎಳೆದಂತೆ ಕಾಣುತ್ತದೆ, ನೀನು ನೋಡಿದೆಯಾ ಎಂದು ಕೇಳಿದ. ಲಾಸ್ಯ ಎದುರಿಗೇ ಎರಡೂ ಕಾಲು ಕೂಡಿಸಿ ಜಿಗಿಯುತ್ತಿದ್ದಳು. ಅದೇ ತಂಡದಲ್ಲಿ ಕಾಯಂ ಬೆಂಚಿನ ಮೇಲಿದ್ದ ಖುಷಿ ಎಂಬ ಇನ್ನೊಬ್ಬ ಎಡಮೂಲೆಯ ಹುಡುಗಿ ಅವನ ಅಕಾಡೆಮಿಯವಳು.

ಅದೇ ಹಳೆಯ ಕಾಗದ ಇನ್ನೊಮ್ಮೆ ಹೊರಡಲಿದೆ ಎಂದು ಮಹಾದೇವಮ್ಮನಿಗೆ ಹೊಳೆಯಿತು. ಇಲ್ಲ ಸರ್, ಹುಡುಗಿ ಗಟ್ಟಿಯಾಗಿದ್ದಾಳೆ ಎಂದು ಒಂದು ಮಾತು ಹೇಳಿದ್ದರೆ ಅವನು ಅಲ್ಲಿಗೇ ನಿಲ್ಲಿಸುತ್ತಿದ್ದ. ಅವಳಿಗೆ ಅದು ಗೊತ್ತಿತ್ತು. ನಾನು ಅಷ್ಟು ಗಮನಿಸಿಲ್ಲ ಸರ್, ನೀವು ಹೇಳಿದರೆ ಇರಬಹುದು ಎಂದಳು.

ಮಾರನೇ ದಿನ ಗುರುವಾರ. ಹಿಡಿತದ ಹುಡುಗಿಯರಿಗೆಲ್ಲ ತಪಾಸಣೆ ಎಂದು ಹೇಳಿ ನಾಲ್ವರನ್ನೂ ಧರಮಪೇಠದ ಮೂಳೆ ಡಾಕ್ಟರ್ ರಘುನಂದನರ ಹತ್ತಿರ ಕರೆದೊಯ್ದಳು. ಲಾಸ್ಯಳ ಎರಡೂ ಮೊಣಕಾಲಿನ ಸ್ಕ್ಯಾನ್ ಮಾಡಿಸಿದಳು. ಬೆಂಗಳೂರಿನಿಂದ ಹೊಸದಾಗಿ ಬಂದಿದ್ದ ಆ ಡಾಕ್ಟರು ನೋಡಿ, ಈ ಕಾಲುಗಳಿಗೆ ಇನ್ನು ಹತ್ತು ವರ್ಷ ನನ್ನ ಅಗತ್ಯವಿಲ್ಲ ಎಂದು ನಕ್ಕು ಬರೆದುಕೊಟ್ಟರು. ಶುಕ್ರವಾರ ಬೆಳಗಿನ ಅಭ್ಯಾಸವನ್ನು ಮಹಾದೇವಮ್ಮ ಪೂರ್ತಿ ಫೋನಿನಲ್ಲಿ ವಿಡಿಯೊ ತೆಗೆದಳು. ಶುಕ್ರವಾರ ಮಧ್ಯಾಹ್ನ ಆಯ್ಕೆ ಸಮಿತಿಗೆ ಲಾಂಜೇವಾರನ ಪತ್ರ ಹೋಯಿತು. ಸಹಾಯಕ ಕೋಚುಗಳಿಗೆಲ್ಲ ಪ್ರತಿ ಬರುವುದು ರೂಢಿ. ಸೀತಾಬರ್ಡಿಯಲ್ಲಿ ಮೆಟ್ರೋ ಇಳಿಯುತ್ತಿದ್ದವಳು ಅದನ್ನು ಮೆಟ್ಟಿಲ ಮೇಲೆ ನಿಂತೇ ಓದಿದಳು. ಎಡ ಮೊಣಕಾಲಿನಲ್ಲಿ ಗಾಯ, ಆರು ವಾರ ವಿಶ್ರಾಂತಿ ಬೇಕು, ಬದಲಿಗೆ ಖುಷಿಯನ್ನು ಪರಿಗಣಿಸಬೇಕು. ಹಿಂದಿನವರು ತಳ್ಳಿಕೊಂಡು ಹೋಗುತ್ತಿದ್ದರೂ ಅವಳು ಎರಡು ಸಲ ಓದಿದಳು. ಈ ಬಾರಿ ಕಾಗದ ಕಳೆದುಹೋಗುವಂತಿರಲಿಲ್ಲ.

ಶಿಬಿರದ ಪಟ್ಟಿ ಅಂತಿಮವಾಗಲು ಎಂಟು ದಿನವಿತ್ತು. ದೇಚಮ್ಮ ಈಗ ಲೀಗಿನ ಶಿಸ್ತು ಸಮಿತಿಯಲ್ಲಿದ್ದರು. ಅವರಿಗೆ ಆ ಕ್ಷಣವೇ ಫೋನ್ ಮಾಡಿದ್ದರೆ ಪತ್ರ ರದ್ದಾಗುತ್ತಿತ್ತು, ಲಾಸ್ಯ ಶಿಬಿರಕ್ಕೆ ಹೋಗುತ್ತಿದ್ದಳು. ಲಾಂಜೇವಾರನೂ ಮುನ್ನೆಚ್ಚರಿಕೆಗೆ ಬರೆದೆ, ತಪ್ಪಾಯಿತು ಎಂದು ಕೈಮುಗಿದು ಉಳಿದುಕೊಳ್ಳುತ್ತಿದ್ದ. ಮಹಾದೇವಮ್ಮ ಫೋನ್ ಮಾಡಲಿಲ್ಲ.

ಆ ವಾರ ಎರಡು ಪಂದ್ಯಗಳಿಗೆ ಲಾಸ್ಯಳನ್ನು ಹೊರಗೆ ಕೂರಿಸಿದರು. ಹುಡುಗಿ ಗಾಬರಿಯಾಗಿ ಇವಳ ಹತ್ತಿರ ಬಂದು, ನನಗೇನಾಗ್ಯಾದ್ರಿ ಮ್ಯಾಡಮ್, ನನ್ನ ಯಾಕ ಕೂಡಿಸ್ಯಾರ ಎಂದು ಕೇಳಿದಳು. ಮಹಾದೇವಮ್ಮ ಅವಳ ಕಣ್ಣು ತಪ್ಪಿಸಿ, ನಾಲ್ಕು ದಿನ ಸುಮ್ಮನಿರು, ಎಲ್ಲ ಬರೋಬರ್ ಆಗುತ್ತದೆ ಎಂದಳು. ಮನೆಗೆ ಬಂದು ಊಟ ಮಾಡಲಿಲ್ಲ. ದೊಡ್ಡಯ್ಯ ಏನೆಂದು ಕೇಳಿದಾಗ ಹೇಳಿಬಿಟ್ಟಳು. ಅವನು, ಆ ಹೆಣ್ಣುಮಗ ನಿನ್ನ ನಂಬ್ಕಂಡದೆ ಎಂದಷ್ಟೇ ಹೇಳಿ ಎದ್ದುಹೋದ.

ಶನಿವಾರ ಪಟ್ಟಿ ಪ್ರಕಟವಾಯಿತು. ಖುಷಿಯ ಹೆಸರಿತ್ತು. ಭಾನುವಾರ ಬೆಳಿಗ್ಗೆ ಮಹಾದೇವಮ್ಮನ ದೂರು ಹೋಯಿತು.

ವಿಚಾರಣೆ ನಡೆದದ್ದು ನಾಗಪುರದ ಒಂದು ಹೋಟೆಲಿನ ಸಭೆಯ ಕೋಣೆಯಲ್ಲಿ. ಮೂವರು ಸದಸ್ಯರು, ನಡುವೆ ದೇಚಮ್ಮ. ಲಾಂಜೇವಾರ ನಿರಾಳವಾಗಿ ಬಂದ. ಮುನ್ನೆಚ್ಚರಿಕೆ ಎಂದ, ನಲವತ್ತು ವರ್ಷದ ಅನುಭವದ ಕಣ್ಣು ಎಂದ. ಡಾಕ್ಟರರ ವರದಿ ಮುಂದಿಟ್ಟರು. ಪತ್ರ ಬರೆದ ದಿನವೇ ಲಾಸ್ಯ ದಾಳಿಗೆ ಬಂದ ಮೂವರನ್ನು ಒಬ್ಬೊಬ್ಬರಾಗಿ ಹಾರಿ ಹಿಡಿಯುತ್ತಿರುವ ವಿಡಿಯೊ ತೋರಿಸಿದರು. ಏಲಕ್ಕಿ ಅಗಿಯುವುದು ನಿಂತಿತು. ಹಿಂದೆ ಯಾವಾಗಲಾದರೂ ಯಾರ ಮೇಲಾದರೂ ಇಂಥ ಪತ್ರ ಬರೆದದ್ದುಂಟೇ ಎಂದು ದೇಚಮ್ಮ ಕೇಳಿದರು. ಎಂದೂ ಇಲ್ಲ ಎಂದ. ಹಾಗೆನ್ನುವಾಗ ಅವನ ಮುಖದಲ್ಲಿ ಸುಳ್ಳಿನ ನೆರಳೂ ಇರಲಿಲ್ಲ.

ಆಗ ಮಹಾದೇವಮ್ಮ ಎದ್ದಳು. ಮೇಜಿನ ಮುಂದಿನ ಖಾಲಿ ಜಾಗಕ್ಕೆ ಬಂದು ಚಪ್ಪಲಿ ಬಿಟ್ಟಳು. ಎಡಗಾಲನ್ನು ಮುಂದಕ್ಕೆ ಚಾಚಿ, ಬಲಗಾಲೊಂದರ ಮೇಲೆ ನೆಲದವರೆಗೆ ಕುಕ್ಕರು ಕೂತಳು. ಅದೇ ಒಂದು ಕಾಲ ಮೇಲೆ ಎದ್ದಳು. ಮತ್ತೆ ಕೂತಳು, ಎದ್ದಳು. ನಲವತ್ತೈದು ವರ್ಷದ ಹೆಂಗಸು ಯಾವುದನ್ನೂ ಹಿಡಿಯದೆ ಐದು ಸಲ ಕೂತು ಎದ್ದು ಮಾಡಿದಳು.

"ನನ್ನ ಮೊಣಕಾಲು ಹೇಗಿದೆ ಅಂತ ಕೇಳಿದ್ದಿರಿ ಸರ್," ಎಂದಳು ಮರಾಠಿಯಲ್ಲಿ. "ನೋಡಿ. ಯಾವತ್ತೂ ಹೀಗೇ ಇತ್ತು."

ಲಾಂಜೇವಾರ ಅವಳ ಕಾಲನ್ನು ನೋಡಿದ. ಮುಖ ನೋಡಿದ. ಮತ್ತೆ ಕಾಲು ನೋಡಿದ. ಎಲ್ಲೋ ಆಳದಿಂದ ಅದು ಮೇಲಕ್ಕೆ ಬರುವುದನ್ನು ಮಹಾದೇವಮ್ಮ ಕಣ್ಣು ಮಿಟುಕಿಸದೆ ಕಾದು ನೋಡಿದಳು. ಸಮಿತಿಯವರು ಇರುವುದನ್ನೇ ಮರೆತವನಂತೆ ಅವನು ಮೆಲ್ಲಗೆ ಕೇಳಿದ.

"ಆವತ್ತು ಎರಡು ಸಲ ಬಿಟ್ಟುಬಿಟ್ಟಿದ್ದರೆ ನಿನ್ನದೇನು ಹೋಗುತ್ತಿತ್ತು?"

ದೇಚಮ್ಮ ಪೆನ್ನು ಕೆಳಗಿಟ್ಟರು. ಮುಂದಿನದನ್ನು ಯಾರೂ ಕೇಳಬೇಕಾಗಲಿಲ್ಲ.

ಅವನಿಗೆ ಲೀಗಿನಿಂದ ನಾಲ್ಕು ವರ್ಷ ನಿಷೇಧವಾಯಿತು. ಸುದ್ದಿ ಪತ್ರಿಕೆಗೆ ಬಂತು. ತಂದೆತಾಯಿಯರು ಒಬ್ಬೊಬ್ಬರಾಗಿ ಮಕ್ಕಳನ್ನು ಅಕಾಡೆಮಿಯಿಂದ ಬಿಡಿಸಿದರು. ಖುಷಿಯನ್ನೂ ಶಿಬಿರದಿಂದ ಅರ್ಧದಲ್ಲೇ ವಾಪಸು ಕಳಿಸಿದರು, ಪಟ್ಟಿ ಮುಚ್ಚಿದ್ದರಿಂದ ಲಾಸ್ಯಳನ್ನು ಕರೆಸಿಕೊಳ್ಳಲಿಲ್ಲ. ಮಹಾದೇವಮ್ಮ ಪ್ರತಿ ಭಾನುವಾರ ಕೆಲಸವಿಲ್ಲದಿದ್ದರೂ ವರ್ಧಾ ರಸ್ತೆಗೆ ಸ್ಕೂಟಿ ಬಿಟ್ಟುಕೊಂಡು ಹೋಗುತ್ತಿದ್ದಳು. ಮೊದಲ ವಾರ ಗೇಟು ಅರ್ಧ ತೆರೆದಿತ್ತು. ಮೂರನೇ ವಾರ ಬೀಗ. ಎರಡು ತಿಂಗಳಿಗೆ ಬೋರ್ಡಿನ ಮೇಲೆ ಯಾರೋ ಕೋಚಿಂಗ್ ಕ್ಲಾಸಿನ ಜಾಹೀರಾತು ಅಂಟಿಸಿದ್ದರು. ಅದನ್ನು ನೋಡಿ ಬಂದ ದಿನ ಅವಳು ಮನೆಯಲ್ಲಿ ಶ್ಯಾವಿಗೆ ಪಾಯಸ ಮಾಡಿದಳು. ದೊಡ್ಡಯ್ಯ ಯಾಕೆಂದು ಕೇಳಲಿಲ್ಲ. ತಿಂದ, ಚೆನ್ನಾಗಿದೆ ಎಂದ. ಅವಳಿಗೆ ನಾಚಿಕೆಯೇನೂ ಆಗಲಿಲ್ಲ. ಎಷ್ಟೋ ವರ್ಷದ ಮೇಲೆ ರಾತ್ರಿ ಒಂದೇ ನಿದ್ದೆಗೆ ಬೆಳಗಾಗುತ್ತಿತ್ತು.

ಪಾಯಸ ಮಾಡಿದ ವಾರವೇ ಲಾಸ್ಯ ಮನೆಗೆ ಬಂದಳು. ಅಷ್ಟರವರೆಗೆ ಹುಡುಗಿ, ಮ್ಯಾಡಮ್ ನನಗಾಗಿ ಹೋರಾಡಿದರು ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು. ಆ ದಿನ ಅವಳ ಕೈಯಲ್ಲಿ ಸಮಿತಿಯ ತೀರ್ಪಿನ ಪ್ರತಿ ಇತ್ತು. ಕೊನೆಯ ಪುಟದಲ್ಲಿ ಪರಿಶೀಲಿಸಿದ ದಾಖಲೆಗಳ ಪಟ್ಟಿ, ತಾರೀಖಿನ ಸಮೇತ. ಡಾಕ್ಟರರ ವರದಿ ಹನ್ನೆರಡು. ಪತ್ರ ಹದಿಮೂರು. ಶಿಬಿರದ ಪಟ್ಟಿ ಇಪ್ಪತ್ತೊಂದು. ದೂರು ಇಪ್ಪತ್ತೆರಡು. ಒಳಗೆ ಬಾ ಎಂದರೂ ಬಾಗಿಲಲ್ಲೇ ನಿಂತಳು.

"ಖರೇ ಹೇಳ್ರಿ ಮ್ಯಾಡಮ್. ನಿಮಗ ಮೊದಲೇ ಗೊತ್ತಿತ್ತೇನು?"

ಸುಳ್ಳು ಹೇಳಬಹುದಿತ್ತು. ಹೇಳಬೇಕೆಂದು ಬಾಯಿ ತೆರೆದಳು ಕೂಡ. ಸುಳ್ಳು ಬರೆದುಕೊಟ್ಟು ಅದನ್ನೇ ನಂಬಿ ಬದುಕಿದ ಲಾಂಜೇವಾರನ ಮುಖ ಕಣ್ಣಿಗೆ ಬಂತು.

"ಗೊತ್ತಿತ್ತು," ಎಂದಳು.

"ಒಂದ್ ಫೋನ್ ಮಾಡಿದ್ರ ನಾ ಕ್ಯಾಂಪಿಗೆ ಹೋಗ್ತಿದ್ದೆ."

"ಹೋಯ್ತಿದ್ದೆ. ಅವ್ನೂ ಉಳ್ಕತಿದ್ದ. ಮುಂದಿನ ವರ್ಸ ಇನ್ನೊಬ್ಳ ಕಾಲು ಮುರೀತಿದ್ದ."

"ಮುಂದಿನಾಕೀದು ನಂಗ ಯಾಕ್ರಿ," ಎಂದಳು ಲಾಸ್ಯ. ದನಿ ಏರಲಿಲ್ಲ. "ಅವ ನನ್ನ ಕಾಲು ಸುಳ್ಳೇ ಮುರದ. ನೀವು ನಿಂತು ನೋಡಿದ್ರಿ. ನಿಮಗ ಅವ ಬೇಕಾಗಿದ್ದ, ನಾ ಅಲ್ಲ."

ಲಾಸ್ಯ ತೀರ್ಪಿನ ಪ್ರತಿಯನ್ನು ಚಪ್ಪಲಿ ಗೂಡಿನ ಮೇಲಿಟ್ಟು ಮೆಟ್ಟಿಲಿಳಿದಳು. ಆ ಋತು ಮುಗಿಯುತ್ತಲೇ ವಾಘಿಣಿ ತಂಡ ಬಿಟ್ಟು ಪುಣೆಯ ತಂಡ ಸೇರಿದಳು.

ಲಾಂಜೇವಾರನ ಜಾಗಕ್ಕೆ ಮಾಲೀಕರು ಮಹಾದೇವಮ್ಮನನ್ನೇ ಕೇಳಿದರು. ಅವಳು ಒಲ್ಲೆ ಎಂದಳು. ಬೇರೆ ಯಾರೋ ಮುಖ್ಯ ಕೋಚ್ ಆಗಿ ಬಂದರು, ಇವಳು ಹಿಡಿತದಲ್ಲೇ ಉಳಿದಳು. ಈ ವರ್ಷ ಪುಣೆಯ ತಂಡ ನಾಗಪುರಕ್ಕೆ ಬಂದದ್ದು ಮಾನಕಾಪುರದ ಒಳಾಂಗಣ ಕ್ರೀಡಾಂಗಣದಲ್ಲಿ ಆಡಲು. ಹಿಂದಿನ ದಿನದ ಸಭೆಯಲ್ಲಿ ವಾಘಿಣಿಯ ದಾಳಿಯ ಹುಡುಗಿಯರು ಇವಳನ್ನು ಸುತ್ತುಗಟ್ಟಿದರು. ಲಾಸ್ಯಳನ್ನು ತಯಾರು ಮಾಡಿದವರು ನೀವು, ಅವಳನ್ನು ಹೇಗೆ ದಾಟಬೇಕು ಹೇಳಿ ಎಂದರು. ಮಹಾದೇವಮ್ಮ ಹೇಳಿದಳು. ಹಿಡಿಯಲು ಹೋಗುವ ಮೊದಲು ಅವಳು ಭಾರವನ್ನು ಬಲಹಿಮ್ಮಡಿಗೆ ತರುತ್ತಾಳೆ, ಗಂಟು ಹಿಡಿಯಲು ತೀರ ಕೆಳಗೆ ಬಗ್ಗುತ್ತಾಳೆ, ಆ ಕ್ಷಣಕ್ಕೆ ಮೇಲೆ ಹಾರಿದರೆ ದಾಟಬಹುದು. ತಂಡದ ಸಂಬಳ ತಿನ್ನುವವಳು, ಹೇಳಲೇಬೇಕಿತ್ತು. ಹೇಳುವಾಗ ಒಂದು ಬಗೆಯ ಹಳೇ ರುಚಿಯೂ ನಾಲಗೆಗೆ ಬಂದದ್ದನ್ನು ಅವಳು ದೊಡ್ಡಯ್ಯನ ಹತ್ತಿರ ಆಮೇಲೆ ಮುಚ್ಚಿಡಲಿಲ್ಲ.

ಮೊದಲ ದಾಳಿಗೆ ಹೋದ ಹುಡುಗಿ ಹೇಳಿದಂತೆಯೇ ಮೇಲೆ ಹಾರಿದಳು. ಲಾಸ್ಯ ಬಗ್ಗಲೇ ಇಲ್ಲ. ನಿಂತಲ್ಲಿಂದಲೇ ಮುನ್ನುಗ್ಗಿ ಗಾಳಿಯಲ್ಲಿದ್ದ ಹುಡುಗಿಯ ತೊಡೆಯನ್ನು ಎರಡೂ ತೋಳಲ್ಲಿ ಬಾಚಿ ತಬ್ಬಿ ಕೆಡವಿದಳು. ಎರಡನೆಯವಳೂ ಹಾಗೇ ಬಿದ್ದಳು. ಬಲಹಿಮ್ಮಡಿಗೆ ಭಾರ ತರುವ ಅಭ್ಯಾಸವಿರಲಿಲ್ಲ. ಮುಂಗಾಲು ಚಾಚುವುದಿರಲಿಲ್ಲ. ಬೆರಳು ಬೆಸೆಯುವ ರೀತಿಯೂ ಬೇರೆ. ಮಹಾದೇವಮ್ಮ ಕಲಿಸಿದ್ದರಲ್ಲಿ ಒಂದನ್ನೂ ಉಳಿಸಿಕೊಳ್ಳದೆ, ಒಂದು ವರ್ಷದಲ್ಲಿ ಹುಡುಗಿ ತನ್ನ ಮೈಯಿಂದ ಎಲ್ಲವನ್ನೂ ಕಿತ್ತು ಹಾಕಿ ಹೊಸ ಹಿಡಿತ ಕಲಿತು ಬಂದಿದ್ದಳು. ಏಳು ಸಲ ಹಿಡಿದಳು. ವಾಘಿಣಿ ಹನ್ನೊಂದು ಅಂಕದಿಂದ ಸೋತಿತು.

ಪಂದ್ಯದ ಕೊನೆಗೆ ಎರಡೂ ತಂಡದವರು ಸಾಲಾಗಿ ಕೈಕುಲುಕುವಾಗ ಲಾಸ್ಯ ಇವಳ ಮುಂದೆಯೂ ಬಂದಳು. ನಮಸ್ಕಾರ ಮ್ಯಾಡಮ್ ಎಂದು ಪರಿಚಯವಿಲ್ಲದ ಮರಾಠಿಯವರಿಗೆ ಹೇಳುವ ಧಾಟಿಯಲ್ಲಿ ಹೇಳಿ, ಬೆರಳ ತುದಿ ಮುಟ್ಟಿಸಿ ಮುಂದಕ್ಕೆ ಹೋದಳು. ಟೀವಿಯವರು ಈ ತೊಡೆ ಹಿಡಿತ ಯಾರು ಕಲಿಸಿದರು ಎಂದು ಕೇಳಿದ್ದಕ್ಕೆ, ನಾನೇ ಕಲಿತೆ ಎಂದಳು. ಹದಿನೈದು ದಿನದ ಮೇಲೆ ಅವಳ ಹೆಸರು ಶಿಬಿರದ ಪಟ್ಟಿಯಲ್ಲಿ ಬಂತು.

ಮಹಾದೇವಮ್ಮನಿಗೆ ಈಗ ನಲವತ್ತಾರು. ಬೆಳಿಗ್ಗೆ ಐದೂವರೆಗೆ ಹನ್ನೊಂದು ಹುಡುಗಿಯರು ಅವಳಿಗಾಗಿ ಕಾಯುತ್ತಾರೆ, ಸಂಜೆ ಕಚೇರಿಯಿಂದ ಬಂದ ಮೇಲೆ ಫೋನಿನಲ್ಲಿ ಆ ಪಂದ್ಯವನ್ನು ಹಾಕಿಕೊಂಡು ಕೂರುತ್ತಾಳೆ. ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ, ಮತ್ತೆ ನೋಡುತ್ತಾಳೆ. ಆ ಹೊಸ ಹಿಡಿತದಲ್ಲಿ ಎಲ್ಲಾದರೂ ಒಂದು ಸಂದು ಇದ್ದೇ ಇರಬೇಕು ಎಂದು ದೊಡ್ಡಯ್ಯನಿಗೆ ಹೇಳುತ್ತಾಳೆ. ಮುಂದಿನ ಪಂದ್ಯ ಪುಣೆಯಲ್ಲಿ, ಬರುವ ತಿಂಗಳು. ಆ ಸಂದು ಇದುವರೆಗೆ ಸಿಕ್ಕಿಲ್ಲ.